ಬೈಸಿಕಲ್ ದಾರಿಗಳ ದರ್ಜೆಯನ್ನು ಓದುವ ಬಗೆ

ಅಂಗಡಿಯವನು ತನ್ನ ಅಕ್ಕಿಯನ್ನು ಒಂದನೆಯ ದರ್ಜೆಯದೆಂದು ಎಷ್ಟು ಹೊಗಳಿದರೂ ನಮ್ಮ ತಾಯಂದಿರು ಅದನ್ನು ಅಂಗೈಯಲ್ಲಿ ಹರಡಿ, ಕಲ್ಲೆಷ್ಟು, ನುಚ್ಚೆಷ್ಟು ಎಂದು ನೋಡದೆ ಕೊಳ್ಳುವವರಲ್ಲ. ಹೀಗಿರಲು ಅದೇ ತಾಯಂದಿರು ತಮ್ಮ ಮಗಳ ಪ್ರವಾಸದ ಕಾಗದವು ಕೈಗೆ ಬಂದಾಗ, ‘ದಾರಿಯು ಸುಲಭವಾದುದು’ ಎಂಬ ಒಂದೇ ಮಾತನ್ನು ಕಂಡು ಸಮಾಧಾನಪಟ್ಟು ರುಜು ಹಾಕುವುದೂ, ‘ಕಠಿಣ’ ಎಂಬ ಮಾತು ಕಂಡರೆ ಮಿಕ್ಕುದನ್ನು ಓದದೆಯೇ ಕಾಗದವನ್ನು ಮಡಿಸಿಡುವುದೂ ಆಶ್ಚರ್ಯಕರವಲ್ಲವೇ? ಅಕ್ಕಿಯ ವಿಷಯದಲ್ಲಿ ತೋರಿಸುವಷ್ಟು ವಿವೇಚನೆಯನ್ನು ನಾವು ಮಕ್ಕಳು ಹೋಗುವ ದಾರಿಯ ವಿಷಯದಲ್ಲಿಯೂ ತೋರಿಸಬೇಕೆಂಬುದೇ ಈ ಲೇಖನದ ಉದ್ದೇಶವು.

ಬೈಸಿಕಲ್ಲು ಹೆಣ್ಣುಮಕ್ಕಳಿಗೆ ಹೊಸದೇನೂ ಅಲ್ಲ. ಅಮೆರಿಕದ ಮದ್ಯಪಾನವಿರೋಧದ ಚಳವಳಿಯಲ್ಲಿ ಹೆಸರಾದ ಫ್ರಾನ್ಸಿಸ್ ವಿಲ್ಲರ್ಡ್ ಎಂಬ ಮಹಿಳೆಯು ತನ್ನ 53ನೆಯ ವಯಸ್ಸಿನಲ್ಲಿ ಬೈಸಿಕಲ್ ಸವಾರಿಯನ್ನು ಕಲಿತು, 1895ರಲ್ಲಿ ಅದನ್ನು ಕುರಿತು ಒಂದು ಪುಸ್ತಕವನ್ನೇ ಬರೆದಳು. ನಮ್ಮ ನೆರೆಯ ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಅಕ್ಷರ ಕಲಿಯಲು ಬಂದ ಸಾವಿರಾರು ಮಂದಿ ಗ್ರಾಮೀಣ ಸ್ತ್ರೀಯರು ಅಕ್ಷರದೊಡನೆ ಸೈಕಲ್ಲನ್ನೂ ಕಲಿತರು. ನಮ್ಮ ರಾಜ್ಯದಲ್ಲಿ 2006–07ರಲ್ಲಿ ಆರಂಭವಾದ ಸರ್ಕಾರದ ಯೋಜನೆಯಿಂದ ಎಂಟನೆಯ ತರಗತಿಯ ಅನೇಕ ಬಾಲಿಕೆಯರ ಕೈಗೆ ಸೈಕಲ್ಲು ಬಂದಿತು. ಮನೆಯಿಂದ ಶಾಲೆಗೆ ಹೋಗುವಷ್ಟರಿಂದ ತೃಪ್ತರಾಗದೆ, ರಜೆಯ ದಿನಗಳಲ್ಲಿ ಮಾರ್ಗದರ್ಶಕರೊಡನೆ ಬೆಟ್ಟಗಳಲ್ಲಿಯೂ ತೋಟಗಳ ನಡುವೆಯೂ ಸವಾರಿ ಹೊರಡುವ ವಿದ್ಯಾರ್ಥಿನಿಯರು ಈಗ ಇದ್ದಾರೆ. ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಹೊರದೇಶಗಳಲ್ಲಿ ನೆಲೆಸಿ, ಗಂಡ ಮಕ್ಕಳೊಡನೆ ಇಂಥ ದಾರಿಗಳಲ್ಲಿ ಸಂಚರಿಸುವವರು ಉಂಟು. ಆದಕಾರಣ ಆ ದಾರಿಗಳಿಗೆ ಕೊಡುವ ದರ್ಜೆಗಳ ಅರ್ಥವನ್ನು ತಿಳಿದುಕೊಳ್ಳುವುದು ಅವಶ್ಯವಾಗಿದೆ.

ಮೊದಲು ದರ್ಜೆಯೆಂದರೇನೆಂಬುದನ್ನು ವಿಚಾರಿಸೋಣ. ಹಿಮದ ಮೇಲೆ ಜಾರುವ ಆಟವು ಬಳಕೆಯಲ್ಲಿರುವ ದೇಶಗಳಲ್ಲಿ ಇಳಿಜಾರುಗಳ ಕಾಠಿಣ್ಯವನ್ನು ತೋರಿಸಲು ಬಣ್ಣದ ಗುರುತುಗಳನ್ನು ಇಡುವ ಪದ್ಧತಿಯಿತ್ತು. ಅದನ್ನೇ ಅನುಸರಿಸಿ, 1988ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಪರ್ವತ ಸೈಕಲ್ ಸಂಘವು ಸೈಕಲ್ ದಾರಿಗಳಿಗೆ ಐದು ಗುರುತುಗಳನ್ನು ಗೊತ್ತುಮಾಡಿತು. ಬಿಳಿಯ ವೃತ್ತವು ಅತ್ಯಂತ ಸುಲಭವಾದ ದಾರಿಗೆ. ಹಸುರು ವೃತ್ತವು ಸುಲಭವಾದುದಕ್ಕೆ. ನೀಲಿಯ ಚೌಕವು ಅದಕ್ಕಿಂತ ಕಷ್ಟವಾದುದಕ್ಕೆ. ಕಪ್ಪು ವಜ್ರಾಕೃತಿಯು ಬಹಳ ಕಷ್ಟವಾದುದಕ್ಕೆ. ಜೋಡಿ ಕಪ್ಪು ವಜ್ರಗಳು ಅತಿ ಕಠಿಣವಾದುದಕ್ಕೆ. ಬಣ್ಣದೊಡನೆ ಆಕಾರವೂ ಬೇರೆಯಾಗಿರುವುದರಿಂದ, ಕೆಲವು ಬಣ್ಣಗಳ ಭೇದವನ್ನು ಕಾಣಲಾರದ ಕಣ್ಣುಳ್ಳವರಿಗೂ ಗುರುತು ತಿಳಿಯುವುದು.

ಈ ಗುರುತುಗಳನ್ನು ಯಾರೋ ಮನಸ್ಸಿಗೆ ತೋರಿದಂತೆ ಬರೆದುಬಿಡುವುದಲ್ಲ. ದಾರಿಯನ್ನು ಅಳೆದು, ಐದು ಸಂಗತಿಗಳನ್ನು ಗಮನಿಸಿ ಬರೆಯತಕ್ಕದ್ದೆಂಬ ನಿಯಮವುಂಟು: ದಾರಿಯ ಅಗಲ, ನೆಲದ ಗುಣ, ಸರಾಸರಿ ಏರು, ಅತ್ಯಧಿಕವಾದ ಏರು, ಮತ್ತು ಬಳಸಿ ಹೋಗಲಾಗದಂಥ ಕಲ್ಲು ಬೇರು ಮೊದಲಾದ ಅಡ್ಡಿಗಳು. ದೃಷ್ಟಾಂತಕ್ಕೆ ಬಿಳಿಯ ವೃತ್ತದ ದಾರಿಯು 72 ಅಂಗುಲಕ್ಕೆ ಕಡಮೆಯಿಲ್ಲದಷ್ಟು ಅಗಲವಾಗಿ, ಗಟ್ಟಿ ಮಾಡಿದ ನೆಲವುಳ್ಳದ್ದಾಗಿರಬೇಕು. ಹಸುರಿನದಕ್ಕೆ 36 ಅಂಗುಲಗಳ ಅಗಲವು ಸಾಕು; ಅದರಲ್ಲಿ ಸವಾರಳು ದಾಟಲೇಬೇಕಾದ ಅಡ್ಡಿಯು ಎರಡು ಅಂಗುಲಕ್ಕಿಂತ ಎತ್ತರವಾಗಿರಬಾರದು. ನೀಲಿಯದರಲ್ಲಿ ಅಗಲವು 24 ಅಂಗುಲಕ್ಕೆ ಇಳಿದು, ಅಡ್ಡಿಯ ಎತ್ತರವು ಎಂಟು ಅಂಗುಲದವರೆಗೆ ಏರುವುದು. ಕಪ್ಪು ವಜ್ರದಲ್ಲಿ ದಾರಿಯು 12 ಅಂಗುಲ, ಅಂದರೆ ಒಂದು ಅಡಿಯಷ್ಟೇ ಅಗಲವಾಗಿದ್ದು, ಅಡ್ಡಿಯು 15 ಅಂಗುಲದಷ್ಟು ಇರಬಹುದು. ಹಸುರಿನಿಂದ ನೀಲಿಗೆ ಹೋಗುವುದೆಂದರೆ ಒಂದು ಮೆಟ್ಟಿಲು ಮಾತ್ರವೆಂದು ಕಾಗದದ ಮೇಲೆ ತೋರುವುದಾದರೂ, ಎರಡು ಅಂಗುಲದ ಬೇರಿಗೂ ಎಂಟು ಅಂಗುಲದ ಬಂಡೆಗೂ ಇರುವ ಅಂತರವನ್ನು ಚಕ್ರವು ಬಲ್ಲದು, ಮೊಣಕಾಲೂ ಬಲ್ಲದು!

ಏರಿನ ಲೆಕ್ಕವನ್ನು ಕುರಿತು ಎರಡು ಮಾತು ಹೇಳಬೇಕು. ಶೇಕಡಾ 10ರ ಏರು ಎಂದರೆ 100 ಅಡಿ ಮುಂದಕ್ಕೆ ಹೋಗುವಷ್ಟರಲ್ಲಿ 10 ಅಡಿ ಮೇಲಕ್ಕೆ ಹೋಗುವುದು. ಇದು ಓದುವಾಗ ಅಲ್ಪವಾಗಿ ಕಾಣುತ್ತದೆ. ಆದರೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ನಮ್ಮ ಘಟ್ಟದ ರೈಲುಮಾರ್ಗವನ್ನು ನೆನೆಯಿರಿ. ಸುರಂಗಗಳನ್ನೂ ಸೇತುವೆಗಳನ್ನೂ ದಾಟುತ್ತ ಅಷ್ಟು ಪ್ರಯಾಸದಿಂದ ಏರುವ ಆ ಮಾರ್ಗದ ಏರು 50ಕ್ಕೆ 1, ಅಂದರೆ ಶೇಕಡಾ 2 ಮಾತ್ರವೇ. ಹೀಗಿರುವಲ್ಲಿ ಶೇಕಡಾ 10 ಎಂಬ ಅಂಕಿಯನ್ನು ಲಘುವಾಗಿ ಎಣಿಸಕೂಡದು. ಹಾಗೆಯೇ ‘ದಿನದ ಒಟ್ಟು ಏರು 600 ಮೀಟರ್’ ಎಂದು ಬರೆದಿದ್ದರೆ, ಒಂದೊಂದು ಮಹಡಿಗೆ ಮೂರು ಮೀಟರ್ ಎಂದು ಎಣಿಸಿ, 200 ಮಹಡಿಗಳನ್ನು ಏರಿದಷ್ಟು ಎತ್ತರವೆಂದು ತಿಳಿಯಬೇಕು. ಅಂಕಿಗಳಿಗೆ ಹೆದರಬೇಕಾದುದಿಲ್ಲ, ನಮಗೆ ಪರಿಚಯವಾದ ಅಳತೆಗೆ ಅವುಗಳನ್ನು ಇಳಿಸಿ ನೋಡಿದರೆ ಅವು ನಿಜವನ್ನೇ ಹೇಳುತ್ತವೆ.

ಇನ್ನು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಮೇಲೆ ಹೇಳಿದ ಗುರುತುಗಳು ದಾರಿಯಲ್ಲಿ ಸೈಕಲ್ಲನ್ನು ಹಿಡಿತದಲ್ಲಿಟ್ಟು ನಡೆಸಲು ಬೇಕಾದ ಕೌಶಲವನ್ನು ತಿಳಿಸುತ್ತವೆಯೇ ಹೊರತು ದೇಹಕ್ಕೆ ಆಗುವ ಶ್ರಮವನ್ನು ತಿಳಿಸುವುದಿಲ್ಲ. ಆ ನಿಯಮಗಳನ್ನು ಮಾಡಿದ ಸಂಘದವರೇ ಇದನ್ನು ಸ್ಪಷ್ಟಪಡಿಸಿ, ಶ್ರಮದ ಅಂದಾಜಿಗಾಗಿ ದಾರಿಯ ಉದ್ದವನ್ನು ಫಲಕದ ಮೇಲೆ ಬೇರೆಯಾಗಿ ಬರೆಯಬೇಕೆಂದಿದ್ದಾರೆ. ಕೌಶಲವೂ ಶ್ರಮವೂ ಎರಡು ಬೇರೆ ಬೇರೆ ಸಂಗತಿಗಳು. ಒಂದೇ ಗುರುತಿನಲ್ಲಿ ಎರಡನ್ನೂ ಹೇಳಲಾಗದು. ತಂದೆತಾಯಿಗಳು ‘ಸುಲಭ’ ಎಂಬ ಮಾತಿನಿಂದ ಮೋಸಹೋಗುವುದು ಬಹುಮಟ್ಟಿಗೆ ಇಲ್ಲಿಯೇ.

ಇದಕ್ಕೆ ನ್ಯೂಜೀಲೆಂಡ್ ದೇಶದಲ್ಲಿ ಒಳ್ಳೆಯ ಉದಾಹರಣೆಗಳು ದೊರೆಯುತ್ತವೆ. ಆ ದೇಶದವರು 2009ರಲ್ಲಿ ಸೈಕಲ್ ದಾರಿಗಳ ಒಂದು ದೊಡ್ಡ ಯೋಜನೆಯನ್ನು ಕೈಕೊಂಡು, ಇಪ್ಪತ್ತಕ್ಕೂ ಮಿಕ್ಕಿದ ದೀರ್ಘವಾದ ದಾರಿಗಳನ್ನು ಗುರುತಿಸಿ, ಅವುಗಳಿಗೆ ಅಂಕಿಗಳಿಂದ ದರ್ಜೆ ಕೊಟ್ಟಿದ್ದಾರೆ. ಒಂದನೆಯ ದರ್ಜೆಯು ಅತಿ ಸುಲಭವಾದುದು. ಅಲ್ಲಿಯ ಒಟಾಗೊ ಸೀಮೆಯಲ್ಲಿ 1990ರಲ್ಲಿ ಮುಚ್ಚಿಹೋದ ಒಂದು ರೈಲುಮಾರ್ಗದ ಕಂಬಿಗಳನ್ನು ಕಿತ್ತು, 2000ದಲ್ಲಿ ಅದನ್ನು ನಡೆಯುವವರಿಗೂ ಸೈಕಲ್ ಸವಾರರಿಗೂ ತೆರೆದುಕೊಟ್ಟರು. ಕ್ಲೈಡ್ ಎಂಬ ಊರಿನಿಂದ ಮಿಡ್ಲ್‌ಮಾರ್ಚ್ ಎಂಬ ಊರಿನವರೆಗೆ ಅದು 152 ಕಿಲೋಮೀಟರ್ ಉದ್ದವಾಗಿದೆ. ರೈಲಿನ ಕಬ್ಬಿಣದ ಚಕ್ರವು ಕಡಿದಾದ ಏರನ್ನು ಹತ್ತಲಾರದಾದ್ದರಿಂದ ಆ ದಾರಿಯಲ್ಲೆಲ್ಲಿಯೂ ಕಡಿದಾದ ಏರಿಲ್ಲ, ಅಗಲವೂ ಯಥೇಷ್ಟವಾಗಿದೆ. ಸುಲಭವಾದ ದಾರಿಗಳಲ್ಲಿ ಅದನ್ನು ಎಣಿಸುವುದು ನ್ಯಾಯವೇ. ಆದರೂ ಹೆಚ್ಚಿನವರು ಅದನ್ನು ಮುಗಿಸಲು ಮೂರರಿಂದ ಐದು ದಿನಗಳನ್ನು ತೆಗೆದುಕೊಳ್ಳುತ್ತಾರೆ. ನೆರಳು ಕಡಮೆಯಾದ ಆ ಬಯಲಿನಲ್ಲಿ ಬೇಸಗೆಯ ಬಿಸಿಲೂ ಚಳಿಗಾಲದ ಶೀತವೂ ತೀಕ್ಷ್ಣವಾಗಿವೆ. ಸುರಂಗಗಳನ್ನು ದಾಟಲು ಕೈದೀಪವು ಬೇಕು. ದಿನಕ್ಕೆ ಐದು ಮೈಲಿಗಿಂತ ಹೆಚ್ಚು ಸೈಕಲ್ ನಡೆಸದ ಒಬ್ಬ ಬಾಲಿಕೆಯನ್ನು ಅಲ್ಲಿಗೆ ಕಳುಹಿಸಿದರೆ, ಮೊದಲನೆಯ ದಿನ ನಗುತ್ತ ಹೋಗಿ ಎರಡನೆಯ ದಿನ ಆಸನದ ಮೇಲೆ ಕುಳಿತುಕೊಳ್ಳಲಾರದೆ ಅತ್ತಾಳು. ದಾರಿಯು ಸುಲಭವಾಗಿಯೇ ಇತ್ತು, ಪ್ರಯಾಣವು ಹಾಗಿರಲಿಲ್ಲ.

ಅದೇ ದೇಶದ ಪಶ್ಚಿಮತೀರದ ಕಡೆಯಲ್ಲಿ ಓಲ್ಡ್ ಘೋಸ್ಟ್ ರೋಡ್ ಎಂಬ ಮತ್ತೊಂದು ದಾರಿಯಿದೆ. ಹಿಂದಿನ ಕಾಲದ ಚಿನ್ನ ಅಗೆಯುವವರ ಹಾದಿಯನ್ನು ಬಳಸಿಕೊಂಡು ಮಾಡಿದ ಈ ದಾರಿಯು 2015ರಲ್ಲಿ ಪೂರ್ಣಗೊಂಡಿತು. ಉದ್ದವು 85 ಕಿಲೋಮೀಟರ್. ಅಂದರೆ ಮೊದಲು ಹೇಳಿದ ದಾರಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಇದರ ದರ್ಜೆಯು ನಾಲ್ಕು. ಕಾರಣವೇನೆಂದರೆ ಇದು ಕಾಡಿನಲ್ಲಿ ಏರಿ, ಬೆಟ್ಟದ ತೆರೆದ ಬೆನ್ನಿನ ಮೇಲೆ, ಕೆಲವು ಕಡೆ ಒಂದು ಪಕ್ಕದಲ್ಲಿ ಆಳವಾದ ಇಳುಕಲು ಇರುವಂತೆ, ಕಿರಿದಾಗಿ ಸಾಗುತ್ತದೆ. ಉದ್ದವಾದ ದಾರಿಯೇ ಕಷ್ಟವಾದುದೆಂದು ಎಣಿಸುವವರೂ ದರ್ಜೆಯು ಕಡಮೆಯಾದುದೇ ಆಯಾಸವಿಲ್ಲದುದೆಂದು ಎಣಿಸುವವರೂ ಈ ಎರಡು ದಾರಿಗಳನ್ನು ಜೊತೆಯಲ್ಲಿಟ್ಟು ನೋಡಿದರೆ ತಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳುವರು.

ಎರಡನೆಯ ಎಚ್ಚರಿಕೆಯ ಮಾತೇನೆಂದರೆ, ದರ್ಜೆಯ ಭಾಷೆಯು ದೇಶದಿಂದ ದೇಶಕ್ಕೆ ಬೇರೆಯಾಗಿದೆ. ಅಮೆರಿಕದ ಪದ್ಧತಿಯಲ್ಲಿ ನೀಲಿಯಾದ ಮೇಲೆ ಕಪ್ಪು ಬರುವುದು. ಬ್ರಿಟನ್ನಿನ ಅರಣ್ಯಗಳ ದಾರಿಗಳಲ್ಲಿ ಹಸುರು, ನೀಲಿ, ಕೆಂಪು, ಕಪ್ಪು ಎಂಬ ಕ್ರಮವಿದ್ದು, ನೀಲಿಗೂ ಕಪ್ಪಿಗೂ ನಡುವೆ ಕೆಂಪು ಸೇರಿಕೊಂಡಿದೆ. ಆಲ್ಪ್ಸ್ ಪರ್ವತಗಳ ಕಡೆಯಲ್ಲಿ ಎಸ್ ಅಕ್ಷರದೊಡನೆ ಸೊನ್ನೆಯಿಂದ ಐದರವರೆಗೆ ಅಂಕಿಗಳನ್ನು ಬಳಸುವರು. ಫ್ರಾನ್ಸಿನ ಪ್ರಸಿದ್ಧವಾದ ಸೈಕಲ್ ಪಂದ್ಯದಲ್ಲಂತೂ ಬೆಟ್ಟಗಳ ಅಂಕಿಯು ಹಿಂದುಮುಂದಾಗಿದೆ: ನಾಲ್ಕನೆಯ ವರ್ಗದ ಏರು ಸಣ್ಣದು, ಒಂದನೆಯ ವರ್ಗದ್ದು ದೊಡ್ಡದು, ಅದಕ್ಕೂ ಮೀರಿದುದಕ್ಕೆ ಅಂಕಿಯೇ ಇಲ್ಲ. ನ್ಯೂಜೀಲೆಂಡಿನ ‘ಒಂದು’ ಬಾಲೆಯರಿಗೆ. ಫ್ರಾನ್ಸಿನ ‘ಒಂದು’ ವೀರರಿಗೆ! ಇದೂ ಅಲ್ಲದೆ, ಅಮೆರಿಕದ ಸಂಘದ ನಿಯಮಗಳಲ್ಲಿ ಒಂದು ದಾರಿಯ ದರ್ಜೆಯನ್ನು ಆ ಪ್ರದೇಶದ ಇತರ ದಾರಿಗಳೊಡನೆ ಹೋಲಿಸಿ ನಿರ್ಣಯಿಸಬೇಕೆಂದಿದೆ. ಆದ್ದರಿಂದ ಬಂಡೆಗಳೇ ತುಂಬಿದ ನಾಡಿನ ನೀಲಿಯೂ ಮೃದುವಾದ ಮಣ್ಣಿನ ನಾಡಿನ ನೀಲಿಯೂ ಸಮವಾಗಿರಬೇಕೆಂದು ನಿರೀಕ್ಷಿಸಲಾಗದು. ಯಾರ ಅಳತೆಯಿಂದ ಈ ದರ್ಜೆಯನ್ನು ಕೊಟ್ಟರೆಂದು ಕೇಳದೆ ದರ್ಜೆಯನ್ನು ನಂಬುವುದು, ಸೇರೋ ಪಾವೋ ಎಂದು ಕೇಳದೆ ‘ನಾಲ್ಕು’ ಎಂಬ ಅಂಕಿಗೆ ಹಣ ಕೊಟ್ಟಂತೆಯೇ ಸರಿ.

ನಮ್ಮ ನಾಡಿನಲ್ಲಿ ಸವಾರಿಗಳನ್ನು ಏರ್ಪಡಿಸುವವರು ತಮ್ಮ ಪ್ರಕಟನೆಗಳಲ್ಲಿ ಸುಲಭ, ಮಧ್ಯಮ, ಕಠಿಣ ಎಂದು ಬರೆಯುವುದು ವಾಡಿಕೆಯಾಗಿದೆ. ಹಾಗೆ ಬರೆಯುವವರು ಸಾಮಾನ್ಯವಾಗಿ ದಿನವೂ ಸೈಕಲ್ ನಡೆಸಿ ಗಟ್ಟಿಯಾದ ಕಾಲುಗಳುಳ್ಳವರೆಂಬುದನ್ನು ನಾವು ಮರೆಯಬಾರದು. ಬೆಂಗಳೂರಿನಿಂದ ಬೆಳಗಿನ ಜಾವದಲ್ಲಿ ಹೊರಟು, 1478 ಮೀಟರ್ ಎತ್ತರದ ನಂದಿಬೆಟ್ಟವನ್ನು ಏರಿ, ಮಧ್ಯಾಹ್ನಕ್ಕೆ ಮನೆ ಸೇರುವವರಿಗೆ ಆ ದಾರಿಯು ನಿತ್ಯದ ಅಭ್ಯಾಸವು. ನೆಲದ ಗುಣವನ್ನಷ್ಟೇ ನೋಡಿದರೆ ಅದು ಡಾಂಬರು ಹಾಕಿದ ರಸ್ತೆ, ಬಂಡೆಯಿಲ್ಲ, ಬೇರಿಲ್ಲ. ಆದರೂ ಅಭ್ಯಾಸವಿಲ್ಲದವಳು ಅಲ್ಲಿಯ ತಿರುವುಗಳಲ್ಲಿ ಇಳಿದು ನಿಲ್ಲುವಳು. 2008ರಲ್ಲಿ ಆರಂಭವಾದ ನೀಲಗಿರಿ ಸೈಕಲ್ ಯಾತ್ರೆಯ ಸವಾರರಿಗೆ ಪರಿಚಿತವಾದ ಕಲ್ಲಟ್ಟಿ ಘಾಟಿಯೂ ಹಾಗೆಯೇ. ಮಸಿನಗುಡಿಯಿಂದ ಉದಕಮಂಡಲಕ್ಕೆ ಹತ್ತುವ ಆ ರಸ್ತೆಯಲ್ಲಿ 36 ಕಡಿದಾದ ತಿರುವುಗಳಿವೆ. ಅವುಗಳ ಮುಂದೆ ಬಲವಾದ ಯುವಕರೂ ತಲೆಬಾಗುತ್ತಾರೆ.

ಮಳೆಯ ಮಾತನ್ನು ಬೇರೆಯಾಗಿಯೇ ಹೇಳಬೇಕು. ಫಲಕದ ಮೇಲಿನ ಬಣ್ಣವು ವರ್ಷವೆಲ್ಲ ಒಂದೇ, ನೆಲವು ಹಾಗಲ್ಲ. ಮಲೆನಾಡಿನ ತೋಟದ ದಾರಿಯು ಜನವರಿಯಲ್ಲಿ ಗಟ್ಟಿಯಾಗಿದ್ದು ಮಕ್ಕಳ ಆಟಕ್ಕೆ ಯೋಗ್ಯವಾಗಿರುವುದು. ಜುಲೈ ತಿಂಗಳಲ್ಲಿ ಅದೇ ಕೆಂಪು ಮಣ್ಣು ಚಕ್ರಕ್ಕೆ ಮೆತ್ತಿಕೊಂಡು, ಜಂಬಿಟ್ಟಿಗೆ ಕಲ್ಲುಗಳ ಮೇಲೆ ಪಾಚಿ ಬೆಳೆದು, ಬ್ರೇಕು ಹಿಡಿದರೂ ನಿಲ್ಲದಂತಾಗುವುದು. ಕರಾವಳಿಯ ತಾಯಂದಿರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಪಾಚಿಗಟ್ಟಿದ ಅಂಗಳದಲ್ಲಿ ಜಾರಿಬಿದ್ದವರ ಕಥೆಯು ಅಲ್ಲಿ ಮನೆಮನೆಗೂ ಗೊತ್ತು. ಒಣ ದಿನದ ದರ್ಜೆಗೆ ಮಳೆಯ ದಿನದಲ್ಲಿ ಒಂದನ್ನು ಕೂಡಿಸಿಯೇ ಓದಬೇಕೆಂಬುದು ನನ್ನ ಅಭಿಪ್ರಾಯವು.

ಮಾರ್ಗದರ್ಶಕನು ಜೊತೆಯಲ್ಲಿರುವಾಗ ಇಷ್ಟೆಲ್ಲ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಒಳ್ಳೆಯ ಮಾರ್ಗದರ್ಶಕನಿಂದ ದೊಡ್ಡ ಪ್ರಯೋಜನವಿದೆ. ಅವನು ದಾರಿಯನ್ನು ಮೊದಲೇ ನೋಡಿರುವನು; ಎಲ್ಲಿ ನಿಲ್ಲಬೇಕು, ಎಲ್ಲಿ ಇಳಿದು ತಳ್ಳಬೇಕು, ಯಾವ ಗಳಿಗೆಯಲ್ಲಿ ಹಿಂದಿರುಗಬೇಕು ಎಂಬುದನ್ನು ಬಲ್ಲನು. ಗುಂಪಿನ ಮುಂದೆ ಒಬ್ಬರೂ ಎಲ್ಲರಿಗಿಂತ ಹಿಂದೆ ಮತ್ತೊಬ್ಬರೂ ಇದ್ದರೆ ಯಾರೂ ಒಂಟಿಯಾಗಿ ಉಳಿಯುವುದಿಲ್ಲ. ಆದರೆ ಅವನು ಏರನ್ನು ತಗ್ಗಿಸಲಾರನು, ಬಂಡೆಯನ್ನು ಎತ್ತಿಡಲಾರನು, ಹುಡುಗಿಯ ಕೈಗೆ ಬದಲಾಗಿ ತನ್ನ ಕೈಯಿಂದ ಬ್ರೇಕು ಹಿಡಿಯಲಾರನು. ವಿದ್ಯುತ್ತಿನ ಸೈಕಲ್ಲುಗಳ ವಿಷಯವೂ ಇದೇ: ಅವು ಏರಿನ ಶ್ರಮವನ್ನು ತಗ್ಗಿಸುವುವು ನಿಜ, ಆದರೆ ತೂಕವು ಹೆಚ್ಚಾದ್ದರಿಂದ ಇಳಿಜಾರಿನಲ್ಲಿ ಹಿಡಿತವು ಇನ್ನೂ ಅಧಿಕವಾಗಿ ಬೇಕಾಗುವುದು. ಏರುವುದೇ ಕಷ್ಟ, ಇಳಿಯುವುದು ಸುಖ ಎಂದು ನಾವು ತಿಳಿಯುತ್ತೇವೆ. ಏರು ಉಸಿರನ್ನು ಕೇಳುವುದು. ಇಳುಕಲಾದರೋ ಎಚ್ಚರಿಕೆಯನ್ನೂ ಬೆರಳುಗಳ ಬಲವನ್ನೂ ಕೇಳುವುದು. ಬ್ರೇಕಿನ ಹಿಡಿಯು ಹುಡುಗಿಯ ಸಣ್ಣ ಬೆರಳುಗಳಿಗೆ ಎಟಕುವುದೋ ಇಲ್ಲವೋ ಎಂದು ಹೊರಡುವ ಮೊದಲು ನೋಡುವುದು ಯಾವ ದರ್ಜೆಯ ಫಲಕಕ್ಕಿಂತಲೂ ಕಡಮೆಯದಲ್ಲ.

ಈಗ ಹೆಣ್ಣುಮಕ್ಕಳ ವಿಷಯದಲ್ಲಿ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಮೇಲೆ ಎಣಿಸಿದ ಐದು ಅಳತೆಗಳನ್ನು ಮತ್ತೊಮ್ಮೆ ನೋಡಿರಿ: ಅಗಲ, ನೆಲ, ಸರಾಸರಿ ಏರು, ಅತ್ಯಧಿಕವಾದ ಏರು, ಅಡ್ಡಿಗಳು. ಇವುಗಳಲ್ಲಿ ಹುಡುಗ ಹುಡುಗಿ ಎಂಬ ಭೇದವು ಎಲ್ಲಿಯೂ ಇಲ್ಲ. ಆದರೂ ಪ್ರವಾಸಗಳನ್ನು ಏರ್ಪಡಿಸುವವರಲ್ಲಿ ಅನೇಕರು ‘ಇದು ಹುಡುಗರಿಗೆ, ಇದು ಹುಡುಗಿಯರಿಗೆ’ ಎಂದು ದಾರಿಗಳನ್ನು ವಿಂಗಡಿಸುವುದುಂಟು. ಹೀಗೆ ಮಾಡುವುದರಿಂದ ಎರಡು ವಿಧದ ಅನ್ಯಾಯವಾಗುತ್ತದೆ. ವರ್ಷವೆಲ್ಲ ಎಂಟು ಮೈಲಿ ಸೈಕಲ್ ತುಳಿದು ಶಾಲೆಗೆ ಬರುವ ಹಳ್ಳಿಯ ಬಾಲಿಕೆಗೆ, ಅವಳು ಸುಲಭವಾಗಿ ಮುಗಿಸಬಲ್ಲ ದಾರಿಯನ್ನು ಹೆಣ್ಣೆಂಬ ಕಾರಣದಿಂದ ನಿರಾಕರಿಸಿದಂತಾಗುವುದು ಒಂದು. ಮೋಟಾರಿನಲ್ಲಿ ಶಾಲೆಗೆ ಬರುವ ಹುಡುಗನನ್ನು, ಗಂಡೆಂಬ ಕಾರಣದಿಂದ ಅವನ ಶಕ್ತಿಗೆ ಮೀರಿದ ದಾರಿಗೆ ತಳ್ಳಿದಂತಾಗುವುದು ಇನ್ನೊಂದು. ದಾರಿಯನ್ನು ಅಳೆಯುವವರು ಪಕ್ಷಪಾತವಿಲ್ಲದೆ ಅಳೆದಿದ್ದಾರೆ; ಮಕ್ಕಳನ್ನು ಅಳೆಯುವವರೂ ಅದೇ ನ್ಯಾಯವನ್ನು ಪಾಲಿಸಲಿ. ಈ ಮಗು ಕಳೆದ ತಿಂಗಳಲ್ಲಿ ಎಷ್ಟು ದೂರ, ಎಂಥ ನೆಲದ ಮೇಲೆ, ಎಷ್ಟು ಹೊತ್ತು ಸೈಕಲ್ ನಡೆಸಿದೆ? ಕೇಳತಕ್ಕ ಪ್ರಶ್ನೆಯು ಇದೊಂದೇ.

ಇದಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯು ನಾಚಿಕೆಯದು. ಗುಂಪಿನಲ್ಲಿ ಇಳಿದು ಸೈಕಲ್ ತಳ್ಳುವುದನ್ನು ಮಕ್ಕಳು ಸೋಲೆಂದು ತಿಳಿಯುತ್ತಾರೆ. ಹುಡುಗಿಯರು ಅದನ್ನು ಇಮ್ಮಡಿಯಾಗಿ ಅನುಭವಿಸುತ್ತಾರೆ. ತಾನೊಬ್ಬಳು ಇಳಿದರೆ ‘ಹೆಣ್ಣುಮಕ್ಕಳಿಂದ ಆಗುವುದಿಲ್ಲ’ ಎಂಬ ಮಾತು ಎಲ್ಲರ ಮೇಲೆ ಬೀಳುವುದೆಂಬ ಭಯವು ಅವಳಿಗಿರುತ್ತದೆ. ಆ ಭಯದಿಂದ ಆಯಾಸವನ್ನು ಮುಚ್ಚಿಟ್ಟು, ಬಾಯಾರಿಕೆಯನ್ನು ಹೇಳದೆ, ಹೆದರಿಕೆಯಾದ ಇಳಿಜಾರಿನಲ್ಲಿಯೂ ಆಸನದ ಮೇಲೆಯೇ ಕುಳಿತಿರುವಳು. ಅಪಾಯವು ಬರುವುದು ಇಲ್ಲಿಂದ. ನ್ಯೂಜೀಲೆಂಡಿನವರು ತಮ್ಮ ನಾಲ್ಕನೆಯ ದರ್ಜೆಯನ್ನು ವಿವರಿಸುವಾಗ, ಕೆಲವು ಭಾಗಗಳಲ್ಲಿ ಇಳಿದು ನಡೆಯುವುದೇ ಹೆಚ್ಚಿನ ಸವಾರರಿಗೆ ಅನುಕೂಲವೆಂಬ ಅರ್ಥದ ಮಾತನ್ನು ಸೇರಿಸಿದ್ದಾರೆ. ಬಲ್ಲವರು ದರ್ಜೆಯೊಳಗೇ ಬರೆದಿಟ್ಟಿರುವುದನ್ನು ನಮ್ಮ ಮಕ್ಕಳು ಅವಮಾನವೆಂದು ಏಕೆ ಭಾವಿಸಬೇಕು? ಇಳಿಯಬೇಕಾದಲ್ಲಿ ಇಳಿಯುವುದು ಸವಾರಿಯ ಒಂದು ಭಾಗವೆಂದು ಹೊರಡುವ ಮೊದಲೇ ಎಲ್ಲರ ಮುಂದೆ ಹೇಳತಕ್ಕದ್ದು. ಮಾರ್ಗದರ್ಶಕನು ಮೊದಲು ತಾನೇ ಇಳಿದು ತೋರಿಸಿದರೆ ಇನ್ನೂ ಉತ್ತಮ.

ಆದಕಾರಣ ನನ್ನ ಸೂಚನೆಯು ಹೀಗಿದೆ. ಯಾವ ಶಾಲೆಯಾಗಲಿ ಸಂಘವಾಗಲಿ ಸೈಕಲ್ ಸವಾರಿಗೆ ಮಕ್ಕಳನ್ನು ಕರೆದೊಯ್ಯುವಾಗ, ತಂದೆತಾಯಿಗಳಿಂದ ರುಜು ಕೇಳುವ ಕಾಗದದಲ್ಲಿ ‘ಸುಲಭ’ ‘ಕಠಿಣ’ ಎಂಬ ಮಾತನ್ನು ಬರೆದು ಬಿಡದೆ, ಈ ಸಂಗತಿಗಳನ್ನು ತಿಳಿಸಲಿ: ಮೊದಲನೆಯದಾಗಿ, ದಿನಕ್ಕೆ ಎಷ್ಟು ಕಿಲೋಮೀಟರ್, ಎಷ್ಟು ಗಂಟೆ, ಎರಡನೆಯದಾಗಿ, ಒಟ್ಟು ಏರು ಎಷ್ಟು, ಅತಿ ಕಡಿದಾದ ಏರು ಎಲ್ಲಿ, ಮೂರನೆಯದಾಗಿ, ನೆಲವು ಡಾಂಬರೋ ಜಲ್ಲಿಯೋ ಮಣ್ಣೋ, ಮೋಟಾರುಗಳ ಓಡಾಟವು ಇದೆಯೋ ಇಲ್ಲವೋ, ನಾಲ್ಕನೆಯದಾಗಿ, ಎಲ್ಲಕ್ಕಿಂತ ಕಷ್ಟವಾದ ಸ್ಥಳವು ಯಾವುದು, ಅದನ್ನು ನಡೆದು ದಾಟಬಹುದೋ, ಐದನೆಯದಾಗಿ, ನಡುವೆ ಯಾರಾದರೂ ದಣಿದರೆ ವಾಹನವು ಬಂದು ಕರೆದೊಯ್ಯುವ ಸ್ಥಳಗಳು ಯಾವುವು, ಹತ್ತಿರದ ಆಸ್ಪತ್ರೆಯು ಎಷ್ಟು ದೂರ, ಆರನೆಯದಾಗಿ, ಎಷ್ಟು ಮಕ್ಕಳಿಗೆ ಎಷ್ಟು ಮಂದಿ ಮಾರ್ಗದರ್ಶಕರು, ಅವರಲ್ಲಿ ಸ್ತ್ರೀಯರು ಎಷ್ಟು ಮಂದಿ. ಇಷ್ಟನ್ನು ಬರೆಯಲು ಒಂದು ಹಾಳೆಯ ಒಂದು ಮಗ್ಗುಲು ಸಾಕು. ಬರೆಯಲಾರದವರಿಗೆ ದಾರಿಯು ತಿಳಿದಿಲ್ಲವೆಂದೇ ಅರ್ಥವು. ದಾರಿಯನ್ನು ತಿಳಿಯದವರೊಡನೆ ಮಕ್ಕಳನ್ನು ಕಳುಹಿಸುವುದು ಯುಕ್ತವಲ್ಲ. ಹೊರಡುವುದಕ್ಕೆ ಎರಡು ಮೂರು ವಾರಗಳ ಮೊದಲು, ಊರಿನ ಹತ್ತಿರದ ಒಂದು ದಾರಿಯಲ್ಲಿ, ಪ್ರವಾಸದ ದಿನದ ಅರ್ಧದಷ್ಟು ದೂರವನ್ನು ಎಲ್ಲರೂ ಒಟ್ಟಿಗೆ ಸವಾರಿ ಮಾಡಿ ನೋಡಿದರೆ ಆಸನದ ಎತ್ತರ, ಬ್ರೇಕಿನ ಹಿಡಿತ, ಮಕ್ಕಳ ಶಕ್ತಿ ಇವೆಲ್ಲವೂ ಪ್ರತ್ಯಕ್ಷವಾಗಿಬಿಡುವುವು.

ಹೀಗೆ ಎಲ್ಲವನ್ನೂ ಅಳೆದು ತೂಗಿ ಹೊರಡುವುದಾದರೆ ಪ್ರವಾಸದ ಉಲ್ಲಾಸವೇ ಉಳಿಯಲಾರದೆಂಬ ಆಕ್ಷೇಪಣೆಯು ಬರಬಹುದು. ಇದು ವಿಚಾರಯೋಗ್ಯವಾದ ಮಾತೇ. ದಾರಿಯಲ್ಲಿ ಕಾಣುವ ಹೂವು, ಹಕ್ಕಿ, ಅನಿರೀಕ್ಷಿತವಾಗಿ ಎದುರಾಗುವ ತೊರೆ ಇವುಗಳಿಗೆ ಯಾವ ದರ್ಜೆಯೂ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೆ ತನ್ನ ಶಕ್ತಿಗೆ ಮೀರಿದ ದಾರಿಯಲ್ಲಿ ಹೋಗುವವಳಿಗೆ ಹೂವೂ ಕಾಣದು, ತೊರೆಯೂ ಕಾಣದು. ಮುಂದಿನ ಚಕ್ರದ ಎದುರಿನ ಒಂದು ಗಜದ ನೆಲವು ಮಾತ್ರ ಕಾಣುವುದು. ತಕ್ಕ ದಾರಿಯನ್ನು ಆರಿಸಿಕೊಂಡವಳೇ ತಲೆಯೆತ್ತಿ ಸುತ್ತಲೂ ನೋಡಬಲ್ಲಳು. ಮೊದಲು ಲೆಕ್ಕ ಹಾಕಿದುದರಿಂದಲೇ ಆಮೇಲೆ ಲೆಕ್ಕವನ್ನು ಮರೆತು ಸಂತೋಷಪಡಲು ಅವಕಾಶವಾಗುವುದು.

ಮಕ್ಕಳಿಗೆ ಯಾವ ಕಷ್ಟವೂ ಬೇಡವೆಂದು ಸದಾ ಬಿಳಿಯ ವೃತ್ತದಲ್ಲಿಯೇ ಇರಿಸಬೇಕೆಂಬುದೂ ನನ್ನ ಮತವಲ್ಲ. ಹಸುರನ್ನು ನಿರಾತಂಕವಾಗಿ ಮುಗಿಸಿದವಳು ನೀಲಿಯನ್ನು ಬಯಸುವುದು ನ್ಯಾಯವಾದುದು, ಬೆಳೆಯುವುದೆಂದರೆ ಅದೇ. ಆ ಮೆಟ್ಟಿಲನ್ನು ಅವಳು ಕಣ್ಣು ತೆರೆದು ಏರಲಿ. ಎಲ್ಲಿ ಕಷ್ಟವಿದೆಯೆಂದು ಬಲ್ಲವಳಾಗಿ, ಬೇಕಾದ ಅಭ್ಯಾಸವನ್ನು ಮಾಡಿದವಳಾಗಿ, ಬೇಡವೆನಿಸಿದರೆ ಬೇಡವೆನ್ನಲು ಸ್ವಾತಂತ್ರ್ಯವುಳ್ಳವಳಾಗಿ ಏರಲಿ. ಆದುದರಿಂದ ಕಾಗದವನ್ನು ತಂದೆತಾಯಿಗಳು ಮಾತ್ರ ಓದಿ ರುಜು ಹಾಕಿದರೆ ಸಾಲದು. ಮಗಳನ್ನು ಹತ್ತಿರ ಕೂರಿಸಿಕೊಂಡು ಅವಳಿಂದಲೇ ಓದಿಸಬೇಕು. ‘ಈ ಏರು ನಿನ್ನಿಂದ ಆಗುವುದೇ ಅಮ್ಮಾ?’ ಎಂದು ಅವಳನ್ನೇ ಕೇಳಬೇಕು. ತನ್ನ ಬಲವನ್ನು ತಾನೇ ಅಂದಾಜು ಮಾಡಿ ನಿಜವಾದ ಉತ್ತರವನ್ನು ಕೊಡಲು ಕಲಿಯುವುದು ಸೈಕಲ್ ಸವಾರಿಗಿಂತ ದೊಡ್ಡ ವಿದ್ಯೆಯಾಗಿದೆ. ಆ ಉತ್ತರವು ‘ಆಗುವುದು’ ಎಂದಾದರೆ, ನಮ್ಮ ಭಯವನ್ನು ಅವಳ ಕಾಲಿಗೆ ಸರಪಳಿಯಾಗಿ ಕಟ್ಟಕೂಡದು. ‘ಈಗ ಆಗದು’ ಎಂದಾದರೆ, ಅದನ್ನು ಅಂಜುಬುರುಕುತನವೆಂದು ಹೀಯಾಳಿಸಕೂಡದು.

ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರಲ್ಲಿ ಒಂದು ಬಿನ್ನಹ. ನಿಮ್ಮಲ್ಲಿ ಸೈಕಲ್ ಸವಾರಿಯನ್ನು ಬಲ್ಲವರು, ಸ್ವದೇಶದಲ್ಲಾಗಲಿ ಪರದೇಶದಲ್ಲಾಗಲಿ ಇಂಥ ದಾರಿಗಳನ್ನು ಕಂಡವರು, ರಜೆಯಲ್ಲಿ ಊರಿಗೆ ಬಂದಾಗ ಸುತ್ತಲಿನ ಒಂದೆರಡು ದಾರಿಗಳನ್ನು ಅಳೆದು ಬರೆದುಕೊಟ್ಟರೆ ಚಿಕ್ಕ ತಂಗಿಯರಿಗೆ ಮಹೋಪಕಾರವಾಗುವುದು. ಉದ್ದವನ್ನೂ ಏರನ್ನೂ ಈಗ ಕೈಯಲ್ಲಿ ಹಿಡಿಯುವ ಫೋನಿನಿಂದಲೇ ತಕ್ಕಮಟ್ಟಿಗೆ ತಿಳಿಯಬಹುದು. ಅಗಲಕ್ಕೆ ಒಂದು ಅಳತೆಯ ಪಟ್ಟಿಯು ಸಾಕು. ಕಲ್ಲು ಬೇರುಗಳಿಗೆ ಕಣ್ಣು ಸಾಕು. ಮಳೆಗಾಲದಲ್ಲಿ ಹೇಗಿರುವುದೆಂಬ ಒಂದು ಸಾಲನ್ನೂ ಸೇರಿಸಿರಿ. ಹೀಗೆ ಬರೆದ ಹತ್ತು ಹಾಳೆಗಳು ಶಾಲೆಯಲ್ಲಿ ಇದ್ದರೆ, ಮುಂದೆ ಸವಾರಿ ಹೊರಡುವ ಬಾಲಿಕೆಯರು ಯಾರ ‘ಸುಲಭ’ವನ್ನೂ ಯಾರ ‘ಕಠಿಣ’ವನ್ನೂ ಕಣ್ಣುಮುಚ್ಚಿ ನಂಬಬೇಕಾಗುವುದಿಲ್ಲ. ನಮ್ಮ ಹೆಣ್ಣುಮಕ್ಕಳು ದಾರಿಯನ್ನು ಅರಿತು, ತಮ್ಮನ್ನೂ ಅರಿತು, ಧೈರ್ಯದಿಂದ ಹೊರಟು ಕ್ಷೇಮವಾಗಿ ಹಿಂದಿರುಗುವಂತಾಗಲೆಂದು ಹಾರೈಸುತ್ತೇನೆ.